ಜಾವಾದ ಬಿಸಿಲಲ್ಲಿ ಉಣ್ಣೆ ಕೋಟಿನ ಧಣಿ

ಹಳೆಯ ತೈಲಚಿತ್ರಗಳನ್ನು ಶುಚಿ ಮಾಡುವ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಆ ಕೆಲಸವನ್ನು ಹೇಗೆ ಮಾಡುತ್ತೇವೆ ಎಂಬುದನ್ನು ಮೈಸೂರಿನಲ್ಲಿದ್ದ ಅಮ್ಮನಿಗೆ ನಾನು ಹೇಳಲೇ ಇಲ್ಲ. ಫೋನಿನಲ್ಲಿ ಕೇಳಿದಾಗಲೆಲ್ಲ "ಏನೋ ಒಂದು ದ್ರಾವಣ ಹಾಕಿ ಒರೆಸ್ತೀವಮ್ಮ" ಎಂದು ಮಾತು ತೇಲಿಸಿಬಿಡುತ್ತಿದ್ದೆ. ಆ ದ್ರಾವಣ ನನ್ನ ಬಾಯಲ್ಲೇ ಇತ್ತು. ಎಂಜಲು.

ಮುಖ ಕಿವುಚಬೇಡಿ. ಚಿತ್ರದ ಮೇಲೆ ವರ್ಷಗಟ್ಟಲೆ ಕೂತ ಸಿಗರೇಟಿನ ಹೊಗೆ, ಅಡುಗೆಮನೆಯ ಜಿಡ್ಡು, ಒಲೆಯ ಮಸಿ ಇವನ್ನೆಲ್ಲ ತೆಗೆಯಲು ಎಂಜಲಿನಷ್ಟು ಸೌಮ್ಯವಾದದ್ದು ಸಿಗುವುದು ಕಷ್ಟ. ತಾನೇ ಬೆಚ್ಚಗಿರುತ್ತದೆ, ಜಿಡ್ಡನ್ನು ಕರಗಿಸುತ್ತದೆ, ಕೆಳಗಿನ ಬಣ್ಣದ ತಂಟೆಗೆ ಹೋಗುವುದಿಲ್ಲ. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ನಾಲಗೆಯ ಮೇಲೆ ಒದ್ದೆ ಮಾಡಿಕೊಂಡು, ಚಿತ್ರದ ಮೇಲೆ ಮೆಲ್ಲಗೆ ಉರುಳಿಸುವುದು. ಹತ್ತಿ ಕೊಳೆಯಾದರೆ ಎಸೆದು ಹೊಸದು ಸುತ್ತುವುದು. ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲೂ ಮಾಡುವುದು ಇದನ್ನೇ. ಹೇಳಿಕೊಳ್ಳುವುದಿಲ್ಲ, ಅಷ್ಟೆ.

ಇದನ್ನೆಲ್ಲ ಈಗ ಬರೆಯಲು ಕಾರಣ ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿರುವ ನಮ್ಮ ಪರಿಚಯದವರ ಮಗಳು ಮೇಘನಾ. ಅವಳು ಇದೇ ವಿದ್ಯೆ ಕಲಿಯಲು ಕಾಲೇಜು ಸೇರಿದ್ದಾಳೆ. ಹೋದ ತಿಂಗಳು ಅವರ ಮನೆಯ ಊಟದಲ್ಲಿ ಪಕ್ಕಕ್ಕೆ ಬಂದು ಕೂತು, "ಆಂಟಿ, ವಾಟ್ ಈಸ್ ದ ಜಾಬ್ ರಿಯಲಿ ಲೈಕ್?" ಎಂದು ಕೇಳಿದಳು. "ತಾಳ್ಮೆ ಬೇಕಮ್ಮ" ಎಂದೇನೋ ಗೊಣಗಿ ಹೋಳಿಗೆ ಬಡಿಸಿಕೊಂಡೆ. ಮನೆಗೆ ಬಂದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಇಷ್ಟು ವರ್ಷ ದುಡಿದವಳು ಆ ಹುಡುಗಿಗೆ ಕ್ಯಾಲೆಂಡರಿನ ಸುಭಾಷಿತದಂಥ ಮಾತು ಹೇಳಿ ಬಂದೆನಲ್ಲ ಎಂದು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳಮ್ಮ ಓದಿ ಹೇಳಲಿ.

ನಾನು ಮೈಸೂರಿನಲ್ಲಿ ಬಿಎಸ್ಸಿ ಕೆಮಿಸ್ಟ್ರಿ ಓದಿ, ಮದುವೆಯಾಗಿ ಡೆಟ್ರಾಯಿಟ್ ಕಡೆಗೆ ಬಂದವಳು. ನನ್ನ ಗಂಡ ಪ್ರಸಾದ್ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಇಂಜಿನಿಯರ್. ಮಗಳು ಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ, ಸೌತ್‌ಫೀಲ್ಡ್‌ನ ನಮ್ಮ ಮನೆಯಿಂದ ಎರಡು ಮೈಲಿ ದೂರದಲ್ಲಿದ್ದ ಒಂದು ಚಿತ್ರ ರಿಪೇರಿಯ ವರ್ಕ್‌ಶಾಪಿನಲ್ಲಿ ಸೀಸೆ ತೊಳೆಯಲು ಸೇರಿದೆ. ಮೊದಲು ಅದು ಪಿಯಾನೋ ಅಂಗಡಿಯಾಗಿತ್ತಂತೆ. ಯಜಮಾನ ವಾಲ್ಟರ್. ಆರಡಿ ಮೀರಿದ ದೇಹ, ಸದಾ ಪೆಪ್ಪರ್‌ಮಿಂಟಿನ ವಾಸನೆ. ಮೆಚ್ಚಿಕೊಳ್ಳುವುದೆಂದರೆ ಅವರಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಕೆಮಿಸ್ಟ್ರಿ ಗೊತ್ತಿದೆ ಎಂದು ತಿಳಿದ ಮೇಲೆ ಸೀಸೆ ಕಿತ್ತುಕೊಂಡು ಕೈಗೆ ಹತ್ತಿ ಕೊಟ್ಟರು.

ಮೊದಲ ಪಾಠದ ದಿನ ಒಬ್ಬ ಜಡ್ಜ್ ಸಾಹೇಬರ ಭಾವಚಿತ್ರವಿತ್ತು. ವಾಲ್ಟರ್ ಕಡ್ಡಿಯನ್ನು ಬಾಯಿಗಿಟ್ಟುಕೊಂಡು ತೆಗೆದು ಜಡ್ಜ್ ಸಾಹೇಬರ ಮೂಗಿನ ಮೇಲೆ ಉರುಳಿಸಿದರು. ಕಂದು ಮೂಗು ಗುಲಾಬಿಯಾಯಿತು.  ಲೋಟ ಕಚ್ಚಿ ನೀರು ಕುಡಿದರೆ ಅಮ್ಮ "ಎತ್ತಿ ಕುಡಿಯೇ" ಎಂದು ತಲೆಗೆ ಮೊಟಕುತ್ತಿದ್ದ ಮನೆ ನಮ್ಮದು. ತಟ್ಟೆ ಮುಟ್ಟಿದ ಕೈಯಲ್ಲಿ ಅನ್ನದ ಪಾತ್ರೆ ಮುಟ್ಟಿದರೆ ರಾದ್ಧಾಂತವೇ ಆಗುತ್ತಿತ್ತು. ಈಗ ನೋಡಿದರೆ ಯಾರೋ ದೊಡ್ಡ ಮನುಷ್ಯರ ಮುಖಕ್ಕೆ ಎಂಜಲು ಹಚ್ಚಿ ಸಂಬಳ ತೆಗೆದುಕೊಳ್ಳಬೇಕು.

"ಉಜ್ಜಬೇಡ, ಉರುಳಿಸು" ಎಂದರು ವಾಲ್ಟರ್. ಅವರ ಪಾಠವೆಲ್ಲ ಅಷ್ಟೇ. ಸಂಜೆ ನಾನು ಎಸೆದ ಹತ್ತಿಗಳನ್ನು ಬುಟ್ಟಿಯಿಂದ ತೆಗೆದು ದೀಪದ ಕೆಳಗೆ ಹರಡಿಕೊಂಡು ನೋಡುತ್ತಿದ್ದರು. ಹತ್ತಿಯ ಮೇಲೆ ಕೊಳೆಯ ಬೂದು ಬಂದಿದ್ದರೆ ಸುಮ್ಮನಿರುತ್ತಿದ್ದರು. ಚಿತ್ರದ ಬಣ್ಣದ ಒಂದು ಎಳೆ ಕಂಡರೂ ಅದನ್ನು ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು, ಮಾತಿಲ್ಲದೆ. ಮೇಘನಾ, ನಿನ್ನ ಪ್ರೊಫೆಸರುಗಳು ಏನೇ ಹೇಳಲಿ, ನಿನ್ನ ಕೊಳೆ ಹತ್ತಿಯನ್ನು ದಿನಾ ನೋಡು.

ಎಂಜಲಿಗೂ ಪಥ್ಯ ಉಂಟು. ಕೆಲಸಕ್ಕೆ ಮುಂಚೆ ಕಾಫಿ ಕುಡಿಯುವಂತಿಲ್ಲ, ಉಪ್ಪಿನಕಾಯಿ ಮುಟ್ಟುವಂತಿಲ್ಲ. ಒಮ್ಮೆ ನಿಂಬೆಹಣ್ಣಿನ ಚಿತ್ರಾನ್ನ ತಿಂದು, ಬಾಯಿ ಮುಕ್ಕಳಿಸುವುದನ್ನು ಮರೆತು, ಒಬ್ಬ ಪಾದ್ರಿಯ ಬಿಳಿ ಕಾಲರಿಗೆ ಅರಿಶಿನ ಹಚ್ಚಿ ಕೂತಿದ್ದೆ. ಅದನ್ನು ತೆಗೆಯಲು ಪಟ್ಟ ಪಾಡು ನನಗೇ ಗೊತ್ತು. ಆಮೇಲೆ ಮಧ್ಯಾಹ್ನಕ್ಕೆ ಬರೀ ಮೊಸರನ್ನ. ಮಗಳು ಮಾತ್ರ ಕೊನೆಯವರೆಗೂ "ಥೂ ಅಮ್ಮಾ, ದಟ್ಸ್ ಗ್ರೋಸ್" ಎನ್ನುತ್ತಲೇ ಇದ್ದಳು. ನನಗೆ ಕ್ರಮೇಣ ಅದು ಎಂಜಲು ಎಂಬುದೇ ಮರೆತುಹೋಯಿತು. ಮೇಜಿನ ಮುಂದೆ ಕೂತರೆ ಕಡ್ಡಿ ತಾನಾಗಿ ಬಾಯಿಗೆ ಹೋಗುತ್ತಿತ್ತು.

ಹೀಗೆ ವರ್ಷಗಳು ಕಳೆದು ರಿಸೆಷನ್ ಬಂತು. ಡೆಟ್ರಾಯಿಟ್ ಸುತ್ತಮುತ್ತ ಆ ವರ್ಷಗಳನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಸೌತ್‌ಫೀಲ್ಡ್‌ನ ಆಫೀಸು ಗೋಪುರಗಳಲ್ಲಿ ಸಂಜೆ ದೀಪ ಹತ್ತುವ ಕಿಟಕಿಗಳು ಕಡಿಮೆಯಾಗುತ್ತ ಹೋದವು. ನಮ್ಮ ಬಡಾವಣೆಯಲ್ಲಿ ಮಂಜು ತೆಗೆಯದ ಡ್ರೈವ್‌ವೇ ಕಂಡರೆ ಆ ಮನೆಯವರು ಬಿಟ್ಟುಹೋಗಿದ್ದಾರೆ ಎಂದೇ ಅರ್ಥ. ಒಂದು ದಿನ ಪ್ರಸಾದ್ ಮಧ್ಯಾಹ್ನವೇ ಮನೆಗೆ ಬಂದು, ಶೂ ಕೂಡ ಬಿಚ್ಚದೆ ಸೋಫಾದಲ್ಲಿ ಕೂತರು. "ಹೋಯ್ತು ಕಣೇ" ಎಂದರು.  ಕಾಫಿ ಮಾಡಿಕೊಟ್ಟೆ.

ಅವರಿಗೆ ಮತ್ತೆ ಕೆಲಸ ಸಿಕ್ಕಿದ್ದು ಶಿಕಾಗೋ ಕಡೆ. ಪ್ಲೇನ್‌ಫೀಲ್ಡ್‌ನಲ್ಲಿ ಸರೋಜಾ ಆಂಟಿ ಎನ್ನುವವರ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದರು. ಮಗಳು ಆಗಲೇ ಕಾಲೇಜಿನ ಹಾಸ್ಟೆಲಿಗೆ ಹೋಗಿದ್ದಳು, ನಾನು ಸೌತ್‌ಫೀಲ್ಡ್‌ನಲ್ಲೇ ಉಳಿದೆ. ಮನೆ ಮಾರೋಣವೆಂದರೆ ಕೊಳ್ಳುವವರಿಲ್ಲ, ಕೆಲಸ ಬಿಡೋಣವೆಂದರೆ ಧೈರ್ಯವಿಲ್ಲ. ವರ್ಕ್‌ಶಾಪಿನಲ್ಲೂ ಒಬ್ಬೊಬ್ಬರೇ ಹೋಗಿ ಕೊನೆಗೆ ವಾಲ್ಟರ್ ಮತ್ತು ನಾನು ಇಬ್ಬರೇ ಆಗಿದ್ದೆವು. ಹೀಟರನ್ನು ಅರವತ್ತು ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಸಿ, ಮೇಲೆ ಸ್ವೆಟರ್ ಹಾಕಿಕೊಂಡು ಕೆಲಸ ಮಾಡುತ್ತಿದ್ದೆವು.

ಆ ಚಳಿಗಾಲದಲ್ಲೇ ಮಿಸೆಸ್ ಎಲ್ಡರಿಂಕ್ ಬಂದದ್ದು.

ಎಂಬತ್ತರ ಹತ್ತಿರದ ಹೆಂಗಸು, ತೆಳ್ಳಗೆ ನೆಟ್ಟಗೆ ಇದ್ದರು. ಹಿಂದಿನಿಂದ ಮಗ ಪಾಲ್ ಕಂಬಳಿಯಲ್ಲಿ ಸುತ್ತಿದ ಚಿತ್ರ ಹೊತ್ತು ತಂದ. ತಂದಿಟ್ಟು, "ಅಮ್ಮಾ, ಕಾರಲ್ಲಿರ್ತೀನಿ" ಎಂದು ಹೊರಟೇಹೋದ. ಅವನಿಗೂ ಕೆಲಸ ಹೋಗಿತ್ತು. ಅವರ ಮನೆಯನ್ನು ಬ್ಯಾಂಕು ತೆಗೆದುಕೊಳ್ಳುತ್ತಿತ್ತು. ವಸಂತ ಬರುವಷ್ಟರಲ್ಲಿ ಮನೆ ಬಿಟ್ಟು ಒಂದು ಕೋಣೆಯ ಅಪಾರ್ಟ್‌ಮೆಂಟಿಗೆ ಹೋಗಬೇಕಿತ್ತು.

"ಅಲ್ಲಿ ಇರೋದು ಒಂದೇ ಗೋಡೆ" ಎಂದರು ಆಕೆ. "ಉಳಿದ ಮೂರು ಕಡೆ ಕಿಟಕಿ, ಬಾಗಿಲು, ಅಡುಗೆ ಒಲೆ. ಆ ಒಂದು ಗೋಡೆಗೆ ಇದನ್ನ ಹಾಕ್ತೀನಿ. ಅದಕ್ಕೆ ಮುಂಚೆ ಅವನ ಮುಖ ಸರಿಯಾಗಿ ನೋಡಬೇಕು."

ಅವನು ಎಂದರೆ ಹೆಂಡ್ರಿಕ್ ಎಲ್ಡರಿಂಕ್, ಮದುವೆಯಾದ ಮೇಲೂ ತವರಿನ ಹೆಸರನ್ನೇ ಉಳಿಸಿಕೊಂಡಿದ್ದ ಆಕೆಯ ಮುತ್ತಜ್ಜನ ಅಪ್ಪ. ಹಾಲೆಂಡಿನವನು. ಜಾವಾದಲ್ಲಿ ದೊಡ್ಡ ಕಾಫಿ ಎಸ್ಟೇಟಿನ ಧಣಿ. ಚಿತ್ರದಲ್ಲಿ ಹಿಂದೆ ಒಂದು ಬೆಟ್ಟ, ಉದ್ದ ಜಗುಲಿಯ ಮನೆ, ಮುಂದೆ ಕಾಫಿ ಒಣಗಿಸುವ ಕಣ, ಅಲ್ಲಲ್ಲಿ ಕೆಲಸ ಮಾಡುವ ಜನ. ನಡುವೆ, ಎಲ್ಲರಿಗಿಂತ ಮುಂದೆ, ಬೆತ್ತ ಹಿಡಿದು ಹೆಂಡ್ರಿಕ್ ನಿಂತಿದ್ದ. ಅವನ ಮುಖ ಹೊಗೆ ಹಿಡಿದು ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತ್ತು.

"ಆ ಕಾಲದ ಧಣಿಗಳು ಎಸ್ಟೇಟಿನ ಕಡೆ ತಲೆ ಹಾಕ್ತಿರಲಿಲ್ಲ" ಎಂದು ಅವರೇ ಹೇಳಿದರು. "ಹಾಲೆಂಡಲ್ಲಿ ಕೂತು, ಬಂದ ಕಾಫಿ ಮಾರಿ ತಿಂತಿದ್ದರು. ಅಲ್ಲಿ ಜನ ಸತ್ತರೂ ಇವರಿಗೆ ಗೊತ್ತಾಗ್ತಿರಲಿಲ್ಲ. ನಮ್ಮ ಹೆಂಡ್ರಿಕ್ ಹಾಗಲ್ಲ. ಅಲ್ಲೇ ಹೋಗಿ ಇದ್ದ. ಆಳುಗಳನ್ನ ಹೆಸರು ಹಿಡಿದು ಕರೀತಿದ್ದ. ನಮ್ಮಪ್ಪ ಪ್ರತಿ ಭಾನುವಾರ ಊಟಕ್ಕೆ ಕೂತಾಗ ಈ ಚಿತ್ರ ತೋರಿಸಿ ಹೇಳೋರು, ನೋಡು, ನಾವು ದೂರ ಕೂತು ತಿಂದವರಲ್ಲ."

ಪಾಲ್ ಯಾಕೆ ಕಾರಿಗೆ ಓಡಿದ ಎಂಬುದೂ ಆಗ ತಿಳಿಯಿತು. ಅವನು ಕಾಲೇಜಿಗೆ ಹೋದ ಕಾಲದಿಂದ ಈ ಚಿತ್ರವನ್ನು ಕಂಡರೆ ಆಗುತ್ತಿರಲಿಲ್ಲವಂತೆ. ಲೂಟಿಕೋರರ ಮನೆತನ ನಮ್ಮದು ಎಂದು ಅಮ್ಮನ ಎದುರಿಗೇ ಹೇಳಿದ್ದ. ಆಕೆ ಪ್ರತಿಸಲವೂ ಈ ನಿಂತ ಮನುಷ್ಯನನ್ನು ತೋರಿಸಿಯೇ ಉತ್ತರ ಕೊಟ್ಟಿದ್ದರು. ಮನೆ ಹೋಗುವ ಹೊತ್ತಿನಲ್ಲಿ ಅವರು ಕೈಯಲ್ಲಿ ಹಿಡಿದುಕೊಂಡಿದ್ದು ಅದೊಂದನ್ನೇ, ನಮ್ಮವನು ಅಲ್ಲಿದ್ದ ಎಂಬುದನ್ನು.

ಮರುದಿನ ಕೆಲಸ ಶುರು ಮಾಡಿದೆ. ಆಕೆ ವಾರಕ್ಕೊಮ್ಮೆ ನೋಡಲು ಬರುತ್ತಿದ್ದರು. ನಾನು ಕಡ್ಡಿಯನ್ನು ಬಾಯಿಗಿಟ್ಟು ಹೆಂಡ್ರಿಕ್‌ನ ಕೆನ್ನೆ ಒರೆಸುತ್ತಿದ್ದಾಗ ಒಂದು ದಿನ ಒಳಗೆ ಬಂದುಬಿಟ್ಟರು. ಗಿರಾಕಿಗಳ ಎದುರಿಗೆ ನಾವು ಹಾಗೆ ಮಾಡುತ್ತಿರಲಿಲ್ಲ. ನಾನು ತಡಬಡಾಯಿಸಿ ಕಡ್ಡಿ ಮುಚ್ಚಿಟ್ಟೆ.

"ಮುಂದುವರಿಸು" ಎಂದು ನಕ್ಕರು. "ನಮ್ಮಜ್ಜಿ ಚರ್ಚಿಗೆ ಹೋಗೋ ಮುಂಚೆ ಕರ್ಚೀಫಿಗೆ ಉಗುಳು ಮುಟ್ಟಿಸಿ ನಮ್ಮ ಮುಖ ಒರೆಸೋಳು. ನಾವು ಕಿರುಚಿಕೊಳ್ತಿದ್ದೆವು. ಈಗ ಅವನ ಸರದಿ."

ಅಷ್ಟು ಹೊತ್ತೂ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು, ತನ್ನ ಮನೆಯ ಮಗುವಿಗೆ ಯಾರೋ ಸ್ನಾನ ಮಾಡಿಸುತ್ತಿರುವ ಹಾಗೆ ನೋಡಿದರು. ನನಗೆ ಆಕೆ ತುಂಬ ಇಷ್ಟವಾಗಿಬಿಟ್ಟರು. ಈ ಕೆಲಸದಲ್ಲಿ ಅದು ಅಪಾಯ, ಆದರೂ ಆಯಿತು.

ಮುಖ ಬೆಳ್ಳಗಾಗುತ್ತ ಬಂದ ಹಾಗೆ ಎರಡು ಸಂಗತಿ ನನಗೆ ಕಂಡವು. ಒಂದು, ಚಿತ್ರದಲ್ಲಿ ಎಲ್ಲರ ನೆರಳೂ ಎಡಕ್ಕೆ ಬಿದ್ದಿತ್ತು, ಹೆಂಡ್ರಿಕ್‌ನದು ಬಲಕ್ಕೆ. ಎರಡು, ಅವನು ಉಣ್ಣೆಯ ಓವರ್‌ಕೋಟು ತೊಟ್ಟಿದ್ದ, ಕೊರಳಿಗೆ ತುಪ್ಪುಳದ ಕಾಲರು. ಹಿಂದೆ ಕಣದಲ್ಲಿ ಗಂಡಸರು ಬರೀ ಮೈಯಲ್ಲಿ ಕಾಫಿ ಕೆದಕುತ್ತಿದ್ದರು. ಚಿತ್ರಕಾರ ಶತದಡ್ಡ ಎಂದುಕೊಂಡು ಕೆಲಸ ಮುಂದುವರಿಸಿದೆ.

ಆ ವಾರದ ಕೊನೆಗೆ ಎಂದಿನಂತೆ ಪ್ಲೇನ್‌ಫೀಲ್ಡ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ಸರೋಜಾ ಆಂಟಿಯ ದೇವರಮನೆಯಲ್ಲಿ ಮೈಸೂರು ಶೈಲಿಯ ಒಂದು ರಾಮಪಟ್ಟಾಭಿಷೇಕದ ಪಟವಿತ್ತು, ಅವರ ಅತ್ತೆಯ ಕಾಲದ್ದು. ದೀಪದ ಮಸಿ ಹಿಡಿದು ಚೌಕಟ್ಟಿನ ಬಂಗಾರವೆಲ್ಲ ಕಪ್ಪಾಗಿತ್ತು. "ನೀನು ಇದೇ ಕೆಲಸ ಮಾಡೋದಂತಲ್ಲ ವಿಮಲಾ, ಸ್ವಲ್ಪ ನೋಡಮ್ಮ" ಎಂದರು. ನಾನು ಪರ್ಸಿನಿಂದ ಹತ್ತಿ ತೆಗೆದೆ. ಮಾತಾಡುತ್ತಾ ಮಾತಾಡುತ್ತಾ ಕಡ್ಡಿ ಬಾಯಿಗೆ ಹೋಯಿತು, ಅಲ್ಲಿಂದ ಚೌಕಟ್ಟಿನ ಮೂಲೆಗೆ ಹೋಯಿತು.

ಆಂಟಿಯ ಕೈಯಲ್ಲಿದ್ದ ಹೂವಿನ ತಟ್ಟೆ ಹಾಗೇ ನಿಂತಿತು.

"ಏನಮ್ಮ ಮಾಡ್ತಿದೀಯ ನೀನು" ಎಂದರು, ತೀರ ಮೆಲ್ಲಗೆ. "ರಾಮದೇವರಿಗೆ ಎಂಜಲು ಹಚ್ತಿದೀಯಲ್ಲ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೆಮಿಸ್ಟ್ರಿ ಹೇಳಲು ಹೋದೆ. "ಆಂಟಿ, ಅದರಲ್ಲಿ ಎನ್‌ಜೈಮ್ ಇರತ್ತೆ, ಮ್ಯೂಸಿಯಂಗಳಲ್ಲೂ..." ಎಂದು ಶುರು ಮಾಡಿದವಳು ಅವರ ಮುಖ ನೋಡಿ ನಿಲ್ಲಿಸಿದೆ. ಪ್ರಸಾದ್ ಮೆಟ್ಟಿಲ ಮೇಲೆ ನಿಂತು ಹಣೆ ಚಚ್ಚಿಕೊಂಡರು. ಅವರಿಗೆ ಬೇಸ್‌ಮೆಂಟಿನ ಚಿಂತೆ.

ಮರುದಿನ ಪಟವನ್ನು ಸೀರೆಯಲ್ಲಿ ಸುತ್ತಿಕೊಂಡು ನಾವು ಮೂವರೂ ಹತ್ತಿರದ ಅರೋರಾ ಊರಿನ ದೇವಸ್ಥಾನಕ್ಕೆ ಹೋದೆವು. ಆಂಟಿ ಅರ್ಚಕರಿಗೆ ವಿಷಯವನ್ನು ಕಿವಿಯಲ್ಲಿ ಹೇಳಿದರು. ವಯಸ್ಸಾದವರು, ಶಾಂತ ಸ್ವಭಾವ. ಮಂತ್ರ ಹೇಳಿ ಪಟದ ಮೇಲೆ ನೀರು ಪ್ರೋಕ್ಷಿಸಿದರು. ನನ್ನ ಕಡೆ ತಿರುಗಿ, "ಮುಂದಿನ ಸಲ ನೀರು ತಗೊಳ್ಳಿ ತಾಯಿ, ಅದಕ್ಕೇನು ಬರವೇ" ಎಂದರು. ಸರೋಜಾ ಆಂಟಿ ಆಮೇಲೆ ನನ್ನನ್ನು ಕ್ಷಮಿಸಿದರು. ಆದರೆ ಆ ದಿನದಿಂದ ಅವರ ಮನೆಯಲ್ಲಿ ನನ್ನ ಕಾಫಿ ಲೋಟ ಬೇರೆಯಾಯಿತು.

ಸೌತ್‌ಫೀಲ್ಡ್‌ಗೆ ಹಿಂತಿರುಗುವ ನಾಲ್ಕೂವರೆ ಗಂಟೆಯ ದಾರಿ, ಮನೆ ಬರುವವರೆಗೂ ಅದೇ ಯೋಚನೆ. ನನಗೆ ಅವಮಾನಕ್ಕಿಂತ ಆಶ್ಚರ್ಯವಾಗಿತ್ತು. ಇಷ್ಟು ವರ್ಷ ಎಂಜಲಲ್ಲಿ ಯಾರ್ಯಾರ ಮುಖವನ್ನೋ ಒರೆಸಿದವಳಿಗೆ ಒಂದು ದಿನವೂ ಅನ್ನಿಸದ್ದು ಆಂಟಿಯ ಆ ಮೆಲ್ಲನೆಯ ಮಾತಿನಿಂದ ಅನ್ನಿಸಿತ್ತು. ಅಮ್ಮನ ಮೊಟಕು ಇನ್ನೂ ತಲೆಯಲ್ಲೇ ಇತ್ತು.

ಸೋಮವಾರ ಹೆಂಡ್ರಿಕ್‌ನ ಕೋಟಿನ ಮೇಲಿದ್ದ ಹಳೆಯ ವಾರ್ನಿಶ್ ತೆಗೆಯಲು ಕೂತೆ. ಇದಕ್ಕೆ ಎಂಜಲು ಸಾಲದು, ಕೆಮಿಕಲ್ ದ್ರಾವಣವೇ ಬೇಕು. ಕಾಲ ಕಳೆದಂತೆ ವಾರ್ನಿಶ್ ಹಳದಿಯಾಗುತ್ತದೆ, ತೆಗೆದರೆ ಹತ್ತಿಯೂ ಹಳದಿಯಾಗಬೇಕು. ಕೋಟಿನ ಅಂಚಿನಲ್ಲಿ ಒಂದೇ ಸಲ ಉರುಳಿಸಿದೆ. ಹತ್ತಿ ಕಪ್ಪಾಯಿತು.  ಇನ್ನೂರು ಅಲ್ಲದಿದ್ದರೂ ನೂರೈವತ್ತು ವರ್ಷದ ಬಣ್ಣ ಹೀಗೆ ಬಿಡಬಾರದು. ಹತ್ತಿಯನ್ನು ನಾನೇ ತೆಗೆದುಕೊಂಡು ಹೋಗಿ ವಾಲ್ಟರ್ ಮೇಜಿನ ಮೇಲಿಟ್ಟೆ.

ಅವರು ಭೂತಗನ್ನಡಿ ಹಿಡಿದು ಚಿತ್ರವನ್ನು ಬಹಳ ಹೊತ್ತು ನೋಡಿದರು. "ಕೋಟಿನ ಕೆಳಗೆ ವಾರ್ನಿಶ್ ಇದೆ" ಎಂದರು. ಎಂದರೆ ಚಿತ್ರ ಮುಗಿದು, ವಾರ್ನಿಶ್ ಹಾಕಿ, ಗೋಡೆಯ ಮೇಲೆ ಎಷ್ಟೋ ವರ್ಷ ತೂಗಿದ ಮೇಲೆ ಬೇರೆ ಯಾರೋ ಹೆಂಡ್ರಿಕ್‌ನನ್ನು ಮೇಲೆ ಬರೆದಿದ್ದರು. ಪರಿಚಯದ ಒಬ್ಬರಿಂದ ವಾಲ್ಟರ್ ಒಂದು ಕ್ಯಾಮೆರಾ ತರಿಸಿದರು. ಮೇಲಿನ ಬಣ್ಣವನ್ನು ದಾಟಿ ಕೆಳಗಿನ ಗೆರೆಗಳನ್ನು ತೋರಿಸುವಂಥದ್ದು. ಪರದೆಯ ಮೇಲೆ ಹೆಂಡ್ರಿಕ್ ಮಂಜಾಗಿ ಕರಗಿದ. ಅವನ ಕೋಟಿನ ಒಳಗೆ, ಅವನ ಹೊಟ್ಟೆ ಇರಬೇಕಾದ ಜಾಗದಲ್ಲಿ, ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತು ಮೊರದಲ್ಲಿ ಕಾಫಿ ಕೇರುತ್ತಿದ್ದಳು.

ಹೆಂಡ್ರಿಕ್ ಅಲ್ಲಿದ್ದಿದ್ದರೆ ಮೊದಲ ಚಿತ್ರಕಾರನೇ ಅವನನ್ನು ಬರೆದಿರುತ್ತಿದ್ದ, ಅವನು ಅಲ್ಲಿಗೆ ಹೋಗಿಯೇ ಇರಲಿಲ್ಲ. ಉಣ್ಣೆ ಕೋಟು ಹಾಲೆಂಡಿನ ಯಾವುದೋ ಭಾವಚಿತ್ರದಿಂದ ಎತ್ತಿ ತಂದದ್ದು, ಬೆತ್ತವೂ ನೆರಳೂ ಅದರ ಜೊತೆಗೇ ಬಂದವು.

ವಾಲ್ಟರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ವಿಮಲಾ, ಆಕೆ ಮನೆ ಕಳ್ಕೊಳ್ತಿದಾರೆ. ತಾತನನ್ನೂ ಕಳ್ಕೊಳ್ಳೋದು ಬೇಡ. ಬಿಟ್ಟ ಬಣ್ಣ ಸರಿ ಮಾಡಿ, ವಾರ್ನಿಶ್ ಹಾಕಿ ಕೊಟ್ಟುಬಿಡೋಣ."

"ಹೇಳದೇನೇ?"

"ಆಕೆ ಕೇಳಿದ್ದು ಮುಖ ತೊಳೆದುಕೊಡಿ ಅಂತ. ತೊಳೆದಿದೀಯ."

ನಾನು ಅವರ ಮೇಲೆ ರೇಗಿದ್ದು ಅದೇ ಮೊದಲು. ಏನೇನು ಹೇಳಿದೆನೋ, ಆ ಹೆಂಗಸನ್ನು ಇನ್ನೊಂದು ನೂರು ವರ್ಷ ಕೋಟಿನ ಕೆಳಗೆ ಹೂತಿಡುತ್ತೀರಾ ಎಂದೆಲ್ಲ. ಅವರು ಪೆಪ್ಪರ್‌ಮಿಂಟು ಚೀಪುತ್ತ ಕೇಳಿಸಿಕೊಂಡರು. ರೇಗಿ ಮುಗಿದ ಮೇಲೆ ನನಗೇ ಅಳುಕಾಯಿತು. ಅವರು ಹೇಳಿದ್ದರಲ್ಲಿ ಕರುಣೆ ಇತ್ತು. ಆ ಮುದುಕಿಯ ಕೈಯಿಂದ ಉಳಿದ ಒಂದೇ ಒಂದನ್ನು ಕಿತ್ತುಕೊಳ್ಳಲು ನನಗಾದರೂ ಯಾರು ಅಧಿಕಾರ ಕೊಟ್ಟರು?

ಆ ಸಂಜೆ ಮನೆಯಲ್ಲಿ ನಮ್ಮ ದೊಡ್ಡಕ್ಕನ ಮದುವೆಯ ಗ್ರೂಪ್ ಫೋಟೋ ತೆಗೆದು ನೋಡಿದೆ. ಅದರಲ್ಲಿ ನಮ್ಮ ತಾತ ನಿಂತಿದ್ದಾರೆ. ಮದುವೆ ಹೊತ್ತಿಗೆ ಅವರು ತೀರಿಹೋಗಿದ್ದರು. ಅಜ್ಜಿಯ ಹಟಕ್ಕೆ ಸ್ಟುಡಿಯೋದವನು ತಾತನ ಹಳೆಯ ಫೋಟೋ ಕತ್ತರಿಸಿ ಗುಂಪಿನ ನಡುವೆ ಅಂಟಿಸಿ ಮತ್ತೆ ಫೋಟೋ ತೆಗೆದುಕೊಟ್ಟಿದ್ದ. ಮೇ ತಿಂಗಳ ಮದುವೆ, ಎಲ್ಲರೂ ಬೆವರು ಒರೆಸಿಕೊಳ್ಳುತ್ತಿದ್ದಾರೆ, ತಾತ ಮಾತ್ರ ಕೊರಳಿಗೆ ಮಫ್ಲರ್ ಸುತ್ತಿಕೊಂಡು ನಿಂತಿದ್ದಾರೆ. ನಾವು ಮಕ್ಕಳೆಲ್ಲ ಅದನ್ನು ನೋಡಿ ನಗುತ್ತಿದ್ದೆವು. ಅಜ್ಜಿ ಮಾತ್ರ ಒಮ್ಮೆಯೂ ನಗಲಿಲ್ಲ.

ಮರುದಿನ ವಾಲ್ಟರ್‌ಗೆ ಆ ಫೋಟೋ ತೋರಿಸಿ, "ನಾನೇ ಹೇಳ್ತೀನಿ, ಇದನ್ನ ಇಟ್ಕೊಂಡು" ಎಂದೆ. ಅವರು ಮಫ್ಲರನ್ನು ನೋಡಿ ಮೊದಲ ಬಾರಿಗೆ ಬಾಯಿ ತುಂಬ ನಕ್ಕರು. "ಹೇಳು" ಎಂದರು.

ಮಿಸೆಸ್ ಎಲ್ಡರಿಂಕ್ ಬಂದಾಗ ಮೊದಲು ನಮ್ಮ ತಾತನನ್ನು ತೋರಿಸಿದೆ. ಕಥೆ ಕೇಳಿ ನಕ್ಕರು. ಆಮೇಲೆ ನೆರಳು ತೋರಿಸಿದೆ, ಕೋಟು ತೋರಿಸಿದೆ, ಕಪ್ಪಾದ ಹತ್ತಿ ತೋರಿಸಿದೆ. ನಗು ನಿಂತಿತು. ಬುದ್ಧಿವಂತೆ, ನಾನು ಪೂರ್ತಿ ಹೇಳಬೇಕಾಗಲಿಲ್ಲ. ಕೈಚೀಲವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು ಕೂತರು. 

"ಹಾಗಾದರೆ ನಾವೂ ದೂರ ಕೂತು ತಿಂದವರೇ" ಎಂದರು.

ನನಗೆ ಕಣ್ಣು ತುಂಬಿ ಬಂತು. ಸಮಾಧಾನದ ಮಾತಿಗಾಗಿ ತಡಕಾಡಿದೆ. "ಯಾರೋ ಆಸೆಪಟ್ಟು ಬರೆಸಿರಬೇಕು. ಅವರು ಅಲ್ಲಿ ಹೋಗಿ ನಿಲ್ಲಬೇಕಿತ್ತು ಅಂತ ಮನೆಯವರಿಗೆ ಅನ್ನಿಸಿರಬೇಕು."

"ನಿಲ್ಲಬೇಕಿತ್ತು" ಎಂದರು ಆಕೆ. "ನಿಲ್ಲಲಿಲ್ಲ." ಚಿತ್ರದ ಕಡೆ ಬಾಗಿ, "ಅವನ ಕೆಳಗೆ ಏನಿದೆ?" ಎಂದು ಕೇಳಿದರು.

ಕ್ಯಾಮೆರಾದ ಚಿತ್ರ ತೋರಿಸಿದೆ. ಕನ್ನಡಕ ಬದಲಿಸಿಕೊಂಡು, ಬೆರಳಿನಿಂದ ಆ ಹೆಂಗಸಿನ ತಲೆಯ ಸುತ್ತ, ಮೊರದ ಸುತ್ತ ಗೆರೆ ಎಳೆದರು. ನಾನು ಹೇಳಿದೆ, ಬಿಟ್ಟರೆ ಅವನೂ ಹೀಗೇ ಉಳಿಯುತ್ತಾನೆ, ತೆಗೆದರೆ ಮತ್ತೆ ಬರುವುದಿಲ್ಲ. ಯೋಚನೆ ಮಾಡಿ, ಅವಸರವಿಲ್ಲ. ಆಕೆ ಎದ್ದು ಕಿಟಕಿಯ ಹತ್ತಿರ ಹೋಗಿ, ಕಾರಿನಲ್ಲಿ ಕೂತಿದ್ದ ಮಗನನ್ನು ನೋಡುತ್ತ ನಿಂತರು. ಆಮೇಲೆ ಬಾಗಿಲು ತೆರೆದು ಅವನನ್ನು ಕರೆದರು. ಮೊದಲ ಸಲ ಅವನು ಒಳಗೆ ಬಂದ. ಅಮ್ಮ ತಾನೇ ಎಲ್ಲವನ್ನೂ ಅವನಿಗೆ ತೋರಿಸಿದರು, ಕೋಟು, ನೆರಳು, ಮೊರ ಹಿಡಿದವಳು. ಗೆದ್ದ ಮುಖ ಮಾಡುತ್ತಾನೇನೋ ಎಂದು ನಾನು ಕಾದೆ. ಅವನು ಅಮ್ಮನ ಭುಜದ ಮೇಲೆ ಕೈಯಿಟ್ಟು, "ಇರಲಿ ಬಿಡಮ್ಮ. ನಿನಗೆ ಅವನು ಬೇಕಾದರೆ ಇರಲಿ" ಎಂದ.

ಆಗಲೇ ಆಕೆ ಅತ್ತದ್ದು. ಅತ್ತು ಮುಗಿಸಿ, ಮೂಗೊರೆಸಿಕೊಂಡು, ನನಗೆ ಹೇಳಿದರು, "ಅವನದೊಂದು ಫೋಟೋ ತೆಗೆದುಕೊಡು, ಚಿಕ್ಕದು ಸಾಕು. ಆಮೇಲೆ ಅವನನ್ನ ತೆಗೆದುಬಿಡು."

ತೆಗೆಯಲು ಚಳಿಗಾಲದ ಉಳಿದ ದಿನಗಳೆಲ್ಲ ಬೇಕಾದವು. ಮೊದಲು ಬೆತ್ತ, ಆಮೇಲೆ ಕೋಟು, ಕೊನೆಗೆ ಮುಖ. ನಾನೇ ತೊಳೆದು ಬೆಳ್ಳಗೆ ಮಾಡಿದ ಮುಖವನ್ನು ನಾನೇ ಅಳಿಸುವಾಗ ಸಂಕಟವಾಯಿತು. ಕಪ್ಪಾದ ಒಂದೊಂದು ಹತ್ತಿಯನ್ನೂ ವಾಲ್ಟರ್ ನೋಡಿದರು, ಒಂದನ್ನೂ ನನ್ನ ಮೇಜಿಗೆ ತಂದಿಡಲಿಲ್ಲ.

ಕೊನೆಗೊಂದು ಬೆಳಿಗ್ಗೆ ಮೊರ ಹಿಡಿದವಳ ಮುಖ ಹೊರಬಂತು. ನಲವತ್ತರ ಆಸುಪಾಸಿನ ಹೆಂಗಸು, ಕೆನ್ನೆ ಇಳಿದಿತ್ತು. ಮೊರದ ಕಡೆ ನೋಡದೆ, ಮೊರಕ್ಕೆ ತನ್ನ ಕಣ್ಣಿನ ಅಗತ್ಯವಿಲ್ಲ ಎನ್ನುವಂತೆ, ಯಾರೋ ಕರೆದ ಕಡೆಗೆ ಅರ್ಧ ತಿರುಗಿದ್ದಳು. ಹಳೆಯ ವಾರ್ನಿಶ್ ಹೋದ ಮೇಲೂ ಮುಖದ ಮೇಲೆ ಮಸಿಯ ಒಂದು ಪೊರೆ ಉಳಿದಿತ್ತು. ಎಂಜಲಿನ ಕೆಲಸ. ನಾನು ಹತ್ತಿ ಸುತ್ತಿದೆ, ಕಡ್ಡಿ ತಾನಾಗಿ ಬಾಯಿಯ ತನಕ ಬಂತು, ಅಲ್ಲೇ ನಿಂತಿತು. ಆಗಲಿಲ್ಲ. ಧಣಿಯ ಮುಖಕ್ಕೆ ಹಚ್ಚಿದ್ದನ್ನು ಅವಳ ಮುಖಕ್ಕೆ ಹಚ್ಚಲು ಕೈ ಬರಲಿಲ್ಲ. ಜೀವಮಾನವಿಡೀ ಇವಳಿಗೆ ಎಷ್ಟು ಜನರ ಎಂಜಲು ಸಿಕ್ಕಿತ್ತೋ ಏನೋ. ಎದ್ದು ಹೋಗಿ ಬಾಯಿ ಮುಕ್ಕಳಿಸಿದೆ, ಕೈ ತೊಳೆದೆ, ಶುದ್ಧ ನೀರನ್ನು ಬೆಚ್ಚಗೆ ಮಾಡಿ ಬಟ್ಟಲಿಗೆ ಹಾಕಿಕೊಂಡು ಬಂದೆ.

ನೀರಿನಲ್ಲಿ ಮೂರು ಪಟ್ಟು ಹೊತ್ತು ಹಿಡಿಯಿತು. ವಾಲ್ಟರ್ ಒಮ್ಮೆ ಬಟ್ಟಲನ್ನೂ ನನ್ನನ್ನೂ ನೋಡಿದರು. ಮತ್ತೆ ತಮ್ಮ ಕೆಲಸಕ್ಕೆ ತಿರುಗಿದರು. ಈಗಂತೂ ಎಂಜಲನ್ನು ಹೋಲುವ ದ್ರಾವಣವನ್ನೇ ಸೀಸೆಯಲ್ಲಿ ತಯಾರಿಸುತ್ತಾರೆ, ಮೇಘನಾಗೆ ಈ ಸಮಸ್ಯೆ ಬರಲಿಕ್ಕಿಲ್ಲ. ಆದರೂ ಯಾವ ಮುಖಕ್ಕೆ ಏನು ಹಚ್ಚುತ್ತಿದ್ದೇವೆ ಎಂದು ಒಂದು ಕ್ಷಣ ಯೋಚಿಸುವ ಸಮಸ್ಯೆ ಬರಲಿ ಎಂದು ಹಾರೈಸುತ್ತೇನೆ.

ಮನೆ ಖಾಲಿ ಮಾಡುವ ವಾರ ಮಿಸೆಸ್ ಎಲ್ಡರಿಂಕ್ ಚಿತ್ರ ಒಯ್ಯಲು ಬಂದರು, ಪಾಲ್ ಜೊತೆಯಲ್ಲೇ ಒಳಗೆ ಬಂದ. ಆಕೆ ಚಿತ್ರದ ಮುಂದೆ ಬಂದು ನಿಂತರು. ಮೊದಲು ಕಣ್ಣು ಹೆಂಡ್ರಿಕ್ ಇದ್ದ ಎತ್ತರಕ್ಕೆ ಹೋಯಿತು, ಅಲ್ಲಿ ಬರೀ ಬೆಟ್ಟ. ಆಮೇಲೆ ಕೆಳಗಿಳಿದು ಅವಳನ್ನು ಕಂಡಿತು.

"ಇವಳನ್ನೂ ನಮ್ಮಜ್ಜಿಯ ಹಾ​ಗೇ ಒರೆಸಿದೆಯಾ?"

"ಇಲ್ಲ, ನೀರಲ್ಲಿ."

"ಯಾಕೆ?"

"ನಮ್ಮ ಕಡೆ ದೊಡ್ಡವರಿಗೆ, ದೇವರಿಗೆ ಎಂಜಲು ಸೋಕಿಸೋದಿಲ್ಲ."

"ಹೆಂಡ್ರಿಕ್‌ಗೆ ಸೋಕಿಸಿದೆಯಲ್ಲ" ಎಂದರು.  ಆಕೆ ಪಕ್ಕೆ ಹಿಡಿದುಕೊಂಡು ನಕ್ಕರು, ಪಾಲ್ ಕೂಡ ನಕ್ಕ.

ಚಿತ್ರದ ಕೆಳಭಾಗದಲ್ಲಿ ಅವಳ ಒಂದು ಪಾದವನ್ನು ಒರೆಸುವುದು ಬಾಕಿಯಿತ್ತು. ಆಕೆ ಅದನ್ನು ನೋಡಿ, "ಇಷ್ಟು ನಾನು ಮಾಡಲಾ?" ಎಂದು ಕೇಳಿದರು. ಗಿರಾಕಿಗಳ ಕೈಗೆ ಕಡ್ಡಿ ಕೊಡಬಾರದು. ವಾಲ್ಟರ್ ಬೇಕೆಂದೇ ಕಿಟಕಿಯ ಕಡೆ ತಿರುಗಿ ನಿಂತರು. ನಾನು ಹೊಸ ಹತ್ತಿ ಸುತ್ತಿಕೊಟ್ಟೆ. ಆಕೆ ಚಿತ್ರದ ಮುಂದೆ ಮಂಡಿಯೂರಿ ಕೂತರು, ಚಿಕ್ಕಂದಿನಲ್ಲಿ ಅಜ್ಜಿ ಮಾಡುತ್ತಿದ್ದ ಹಾಗೇ ಹತ್ತಿಯನ್ನು ತುಟಿಗೆ ತಂದರು. ನಾನು ತಡೆಯಲಿಲ್ಲ. ತುಟಿಗೆ ಇನ್ನೇನು ತಾಗಬೇಕು, ಆಕೆಯೇ ನಿಂತರು.

"ಬೇಡ" ಎಂದರು. "ಅದು ಮನೆಯವರಿಗೆ ಮಾಡೋದು. ಇವಳನ್ನ ನಾನು ಕೇಳಿಲ್ಲವಲ್ಲ. ನೀರು ಕೊಡು."

ಬಟ್ಟಲನ್ನು ಅವರ ಪಕ್ಕದಲ್ಲಿ ಇಟ್ಟೆ. ಆಕೆ ಹತ್ತಿಯನ್ನು ಅದ್ದಿ, ಹಿಂಡಿ, ಆ ಪಾದವನ್ನು ಮೆಲ್ಲಗೆ ಒರೆಸತೊಡಗಿದರು.